ತೋಳನಗಡ್ಡಿಗೆ ಆರಿಸಿದ ದೋಣಿ

ಬೆಂಕಿ ನಂದಿಸುವ ಇಲಾಖೆ ಎಂದು ನೀವು ಸೇರುತ್ತೀರಿ, ನಿಮ್ಮನ್ನು ನೀರಿಗೆ ಇಳಿಸುತ್ತಾರೆ. ಇದನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿ ಏಣಿ ಹತ್ತಿಸುತ್ತಾರೆ, ಪೈಪು ಸುತ್ತಿಸುತ್ತಾರೆ, ಸೀಟಿ ಊದಿ ಓಡಿಸುತ್ತಾರೆ. ಆಮೇಲೆ ನಮ್ಮಂಥ ಕಡೆ ಹಾಕುತ್ತಾರೆ. ಯಾದಗಿರಿ ಜಿಲ್ಲೆಯಲ್ಲಿ ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ, ನಡುವೆ ಕಾಲುವೆಗಳು. ಬೇಸಿಗೆಯಲ್ಲಿ ಬಣವೆ ಸುಡುತ್ತದೆ, ಮಳೆಗಾಲದಲ್ಲಿ ಹೊಳೆ ಬರುತ್ತದೆ, ಉಳಿದ ದಿನಗಳಲ್ಲಿ ಬಾವಿಗೆ ಬಿದ್ದವರನ್ನು ಎತ್ತುವ ಕೆಲಸ. ನಾನು ನಿವೃತ್ತನಾದ ದಿನ ಹಾರ ಹಾಕಿ, ಎಷ್ಟೋ ಜೀವ ಉಳಿಸಿದ ಶರಣಪ್ಪನವರು ಎಂದು ಭಾಷಣ ಮಾಡಿದರು. ಉಳಿಸಿದವರ ಮುಖಗಳು ನನಗೆ ನೆನಪಿಲ್ಲ. ಉಳಿಸಲಾಗದ ಒಂದು ಮುಖ ನೆನಪಿದೆ. ಈ ಕೆಲಸಕ್ಕೆ ಬರುವವರಿಗೆ ಅದನ್ನೇ ಹೇಳಬೇಕೆಂದು ಕುಳಿತಿದ್ದೇನೆ. ಧೈರ್ಯ ತುಂಬುವ ಮಾತು ಬೇಕಿದ್ದವರು ಭಾಷಣ ಮಾಡಿದವರ ಹತ್ತಿರ ಹೋಗಬಹುದು.

ಸೇರಿದ ಹೊಸತರಲ್ಲಿ ಶಹಾಪುರದ ಹೊರಗೆ ಒಂದು ಹತ್ತಿಯ ರಾಶಿಗೆ ಬೆಂಕಿ ಬಿತ್ತು. ದಿನವಿಡೀ ನೀರು ಹೊಡೆದೆವು. ಹೊಗೆ ನಿಂತಿತು. ಮೀಸೆ ತಿರುವಿಕೊಂಡು ವಾಪಸು ಬಂದೆವು. ಮರುದಿನ ಅದೇ ರಾಶಿ ಒಳಗಿನಿಂದ ಉರಿದೆದ್ದು ಪಕ್ಕದ ಗೋದಾಮನ್ನೂ ತಿಂದಿತು. ನನ್ನ ಮೇಲಿದ್ದ ದಫೇದಾರ ಖಾಜಾಸಾಬ್ ಬೀಡಿ ಹಚ್ಚಿಕೊಂಡು ಹೇಳಿದ: "ಹತ್ತಿ ಬೆಂಕಿ ಆರೇದ ಅಂತ ಎಂದೂ ತಿಳ್ಕೋಬ್ಯಾಡ ತಮ್ಮಾ. ಅದು ಒಳಗ ಕುಂತು ನಿನ್ನ ಗಾಡಿ ಹೋಗಾದು ಕಾಯ್ತಿರ್ತದ." ಆಗ ನಾನು ನಕ್ಕೆ. ನಮ್ಮ ಕೆಲಸದಲ್ಲಿ ಮುಗಿಯಿತು ಎನ್ನುವುದು ಇಲ್ಲ ಎಂದು ಆತ ಹೇಳಿದ್ದು ನನಗೆ ಅರ್ಥವಾಗಲು ಪೂರ್ತಿ ನೌಕರಿ ಬೇಕಾಯಿತು.

ಹೊಳೆ ಬಂದರೆ ಆ ಕಾಲದಲ್ಲಿ ನಮ್ಮ ಹತ್ತಿರ ಇದ್ದದ್ದು ಹಗ್ಗ, ಲಾರಿಯ ಟ್ಯೂಬು ಮತ್ತು ಮೇಲಿನವರ ಬೈಗುಳ. ಮೂರರಲ್ಲಿ ಎಂದೂ ಕೊರತೆಯಾಗದ್ದು ಬೈಗುಳವೊಂದೇ. ಊರವರು ನಮಗಿಂತ ವಾಸಿ. ಒಣಗಿದ ಸೋರೆ ಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಈಜಿ ಬರುತ್ತಿದ್ದರು. ನಾವು ದಂಡೆಯಲ್ಲಿ ನಿಂತು ಸೀಟಿ ಊದುತ್ತಿದ್ದೆವು.

ಸುರಪುರ ತಾಲೂಕಿನಲ್ಲಿ ಕೃಷ್ಣೆಯ ನಡುವೆ ಒಂದು ಗಡ್ಡಿ ಇದೆ. ಗಡ್ಡಿ ಎಂದರೆ ಸುತ್ತಲೂ ಹೊಳೆ ಇರುವ ನೆಲ. ಅದರ ನಿಜವಾದ ಹೆಸರು ಬೇಡ, ತೋಳನಗಡ್ಡಿ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ನಡೆದೇ ದಾಟಬಹುದು. ಮೇಲಿನ ಆಣೆಕಟ್ಟೆಯಿಂದ ನೀರು ಬಿಟ್ಟಾಗ ಗಡ್ಡಿ ಮುಳುಗುವುದಿಲ್ಲ, ಎತ್ತರದಲ್ಲಿದೆ. ಆದರೆ ಅಲ್ಲಿಯವರು ಅಲ್ಲೇ, ಇಲ್ಲಿಯವರು ಇಲ್ಲೇ. ದಾಟಿಸುತ್ತಿದ್ದವನು ಅಂಬಿಗರ ಹಣಮಂತ. ಬಿದಿರಿನ ಹರಿಗೋಲು, ಅದಕ್ಕೆ ಹೊರಗಿನಿಂದ ತಾಡಪತ್ರಿ, ಅದರ ಮೇಲೆ ಡಾಂಬರು. ದಾಟಿದ್ದಕ್ಕೆ ಯಾರೂ ಆತನಿಗೆ ರೊಕ್ಕ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ, ರಾಶಿಯ ಕಾಲಕ್ಕೆ ಮನೆಮನೆಯಿಂದ ಆಯ ಹೋಗುತ್ತಿತ್ತು, ಮೊರದ ತುಂಬ ಜೋಳ, ಮೇಲೊಂದಿಷ್ಟು ತೊಗರಿ. ಅದರ ಬಲದ ಮೇಲೆ ಆತ ವರ್ಷವರ್ಷವೂ ಹರಿಗೋಲಿಗೆ ಹೊಸ ಬಿದಿರು ಹಾಕಿ, ಹೊಸ ಡಾಂಬರು ಬಳಿಯುತ್ತಿದ್ದ.

ಹಣಮಂತನ ಹೆಂಡತಿ ದೇವಮ್ಮ. ಆಕೆಯ ಕಿಡ್ನಿ ಎರಡೂ ಹೋಗಿದ್ದವು. ವಾರಕ್ಕೆ ಎರಡು ಸಲ ಸುರಪುರದ ದವಾಖಾನೆಗೆ ಹೋಗಿ, ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಕಾಲು ಬಾಯುತ್ತದೆ. ಇನ್ನೊಂದು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ. ಆಮೇಲಿನದನ್ನು ಹೇಳಬೇಕಾಗಿಲ್ಲ. ಅಂದರೆ ಆಕೆಯ ಜೀವ ಇದ್ದದ್ದು ಹೊಳೆಯ ಆಚೆ ದಂಡೆಯಲ್ಲಿ. ಸೆಳವು ಬಿರುಸಾದ ದಿನ ಹರಿಗೋಲೂ ಬಿಡುವಂತಿರಲಿಲ್ಲ, ಅದಕ್ಕೇ ಮಳೆಗಾಲ ಪೂರ್ತಿ ಸುರಪುರದಲ್ಲಿ ತಂಗಿಯ ಮನೆಯಲ್ಲಿ ಇರುತ್ತಿದ್ದಳು. ತಂಗಿಯ ಗಂಡ ಒಳ್ಳೆಯವನೇ, ಆದರೆ ಒಂದೇ ಕೋಣೆಯ ಮನೆ. "ಅಣ್ಣಾ, ಮಂದಿ ಮನ್ಯಾಗ ತಿಂಗಳಾನುಗಟ್ಟಲೆ ಮಲಗಾದಂದ್ರ ಜಡ್ಡಿಗಿಂತ ಜಡ ನೋಡ್ರಿ," ಎಂದು ಒಮ್ಮೆ ನನಗೆ ಹೇಳಿದ್ದಳು. ಒಂದು ವರ್ಷ ಹಗ್ಗ ಕಟ್ಟಿ ಆಕೆಯನ್ನು ದಾಟಿಸಿದ್ದೆವು. ಅಂದಿನಿಂದ ನಾನು ಆಕೆಗೆ ಅಣ್ಣ. ಉಳಿದವರಿಗೆ ಫೈರಿನ ಸಾಹೇಬ.

ಇಲಾಖೆಗೆ ಕೊನೆಗೂ ದೋಣಿ ಮಂಜೂರಾಯಿತು. ಒಂದೇ ದೋಣಿ. ಎರಡು ಕಂಪನಿಗಳು ತಂದು ತೋರಿಸಿದವು. ಎರಡೂ ಅಲ್ಯುಮಿನಿಯಂ, ಎರಡೂ ಒಂದೇ ಉದ್ದ, ಹಿಂದೆ ತಿರುಪು ಹಾಕಿ ಕಟ್ಟುವ ಮೋಟರೂ ಒಂದೇ ಬಗೆಯದು. ಕೆರೆಯ ದಂಡೆಯಲ್ಲಿ ಪಕ್ಕಪಕ್ಕ ಇಟ್ಟಾಗ ನಮ್ಮ ಸಾಹೇಬರು ಸುತ್ತ ಎರಡು ಸಲ ತಿರುಗಿ, "ಶರಣಪ್ಪ, ಇವೇನು ಅವಳಿ ಜವಳಿ ಏನೋ? ಚೀಟಿ ಎತ್ತಿ ಮುಗಿಸೂಣಲ್ಲ," ಎಂದರು. ಸಾಹೇಬರು ಧಾರವಾಡದ ಕಡೆಯವರು, ಬಾಯಿ ಬಿರುಸು, ಮನಸ್ಸು ಚೊಕ್ಕ.

ಅವಳಿ ಆಗಿರಲಿಲ್ಲ. ಮಗುಚಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಒಂದರ ತಳ ಚಪ್ಪಟೆ, ರೊಟ್ಟಿ ಬಡಿಯುವ ಕೊಣಮಿಗೆಯ ಹಾಗೆ. ಇನ್ನೊಂದರ ತಳ ನಡುವೆ ಚೂಪಾಗಿ ಇಳಿದಿತ್ತು. ಚೂಪು ತಳದ್ದು ಸೆಳವನ್ನು ಸೀಳಿಕೊಂಡು ನೆಟ್ಟಗೆ ಹೋಗುತ್ತದೆ, ಆದರೆ ನಿಂತಾಗ ಹೊಯ್ದಾಡುತ್ತದೆ. ಅಂಚೂ ಎತ್ತರ. ಚಪ್ಪಟೆಯದು ನಿಂತಾಗ ನೆಲದ ಹಾಗೆ ಗಟ್ಟಿ, ಸೆಳವಿನಲ್ಲಿ ಮಾತ್ರ ಪಕ್ಕಕ್ಕೆ ಜಾರುತ್ತದೆ. ಕೃಷ್ಣೆಯ ಸೆಳವಿಗೆ ಚೂಪಿನದು ಬೇಕು. ಬಾತ ಕಾಲಿನ ದೇವಮ್ಮ ಹತ್ತಬೇಕೆಂದರೆ ಚಪ್ಪಟೆಯದು ಬೇಕು. ಅತ್ತ ದರಿ, ಇತ್ತ ಪುಲಿ. ಈ ಎರಡರ ನಡುವೆ ನಾನು ಎಷ್ಟು ದಿನ ನಿದ್ದೆಗೆಟ್ಟೆ ಎಂದು ಹೇಳಿದರೆ ನೀವು ನಗುತ್ತೀರಿ. ಮನೆಯಲ್ಲಿ ಮಗಳ ಮದುವೆಗೆ ಗಂಡು ಆರಿಸುವಾಗಲೂ ಅಷ್ಟು ಯೋಚಿಸಿರಲಿಲ್ಲ.

ಕೊನೆಗೆ ಸಾಹೇಬರಿಗೆ, ಹತ್ತುವವರನ್ನೇ ಕರೆಸಿ ಹತ್ತಿಸಿ ನೋಡೋಣ ಎಂದೆ. ತೋಳನಗಡ್ಡಿಯಿಂದ ಹಣಮಂತ, ದೇವಮ್ಮ, ಇನ್ನೂ ಏಳೆಂಟು ಮಂದಿ ಟ್ರ್ಯಾಕ್ಟರಿನಲ್ಲಿ ಬಂದರು. ಮೊದಲು ಚೂಪು ತಳದ್ದಕ್ಕೆ ಹತ್ತಿಸಿದೆವು. ಸಾಹೇಬರೂ ಹತ್ತಿದರು. ಆಗ ನಾವು ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ದೋಣಿಯಲ್ಲಿ ಕೂರಲು ಹಲಗೆಗಳಿದ್ದವು. ಅವರು ಹಲಗೆಯ ಮೇಲೆ ತಮ್ಮ ಗಂಟುಗಳನ್ನು ಇಟ್ಟರು, ತಾವು ಸುತ್ತಲೂ ಅಂಚಿಗೆ ಏರಿ ಕುಳಿತರು. ಹರಿಗೋಲಿನ ರೀತಿ ಅದೇ. ಭಾರ ನಡುವೆ, ಮಂದಿ ಸುತ್ತ. ಹುಟ್ಟಿದಾಗಿನಿಂದ ಹಾಗೆಯೇ ಕುಳಿತವರು. ದೇವಮ್ಮನನ್ನು ಒಳಗೆ ಎಳೆದುಕೊಳ್ಳಲು ಒಂದು ಕಡೆಯವರೆಲ್ಲ ಬಾಗಿದರು, ದೋಣಿ ಒಮ್ಮೆ ಓಲಾಡಿ ಅಷ್ಟೂ ಮಂದಿಯನ್ನು ಸೊಂಟದುದ್ದದ ನೀರಿಗೆ ಸುರುವಿತು. ಸಾಹೇಬರ ಕನ್ನಡಕ ಹೋಯಿತು. ಟೊಪ್ಪಿಗೆ ತೇಲುತ್ತ ಹೊರಟಿತು.

ಕಂಪನಿಯಿಂದ ಬಂದಿದ್ದ ಬೆಂಗಳೂರಿನವನು ದಂಡೆಯಿಂದಲೇ, "ಸಾರ್, ಸೀಟ್ ಮೇಲೆ ಕೂತ್ಕೊಳ್ಳಿ ಅಂತ ಅವ್ರಿಗೆ ಹೇಳ್ಬೇಕು ಸಾರ್," ಎಂದ.

ಸಾಹೇಬರು ನೀರು ಉಗುಳಿ, "ಹೇಳತೇವಪಾ. ಹೊಳಿಗೂ ಒಂದೀಟು ನಿಲ್ಲು ಅಂತ ಹೇಳತೇವ," ಎಂದರು.

ಚಪ್ಪಟೆ ತಳದ್ದರಲ್ಲೂ ಅವರು ಹಾಗೆಯೇ ಕುಳಿತರು. ಅದು ಅಲುಗಲಿಲ್ಲ. ದೇವಮ್ಮ ತಗ್ಗಿನ ಅಂಚಿನ ಮೇಲೆ ಕುಂಡಿ ಊರಿ, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಯಾರೂ ಕೈ ಹಚ್ಚಬೇಕಾಗಲಿಲ್ಲ. ಒಳಗೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡು, "ಇದು ಸಾಕ್ರಿ ಅಣ್ಣಾ," ಎಂದಳು. ಸೆಳವಿನಲ್ಲಿ ಜಾರುವುದಕ್ಕೆ ಹಣಮಂತನೇ ಉಪಾಯ ಹೇಳಿಕೊಟ್ಟ: ಹರಿಗೋಲನ್ನು ಬಿಡುವ ಹಾಗೆ ಬಹಳ ಮೇಲಿನಿಂದ ಬಿಡಬೇಕು, ಜಾರುವುದನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ಚಪ್ಪಟೆಯದನ್ನೇ ಆರಿಸಿದೆವು. ನನ್ನ ನೌಕರಿಯಲ್ಲಿ ಪೂರ್ತಿ ಸರಿಯಾಗಿ ಮಾಡಿದ ಕೆಲಸ ಯಾವುದೆಂದು ಕೇಳಿದರೆ ಇದೊಂದನ್ನೇ ಹೇಳುತ್ತೇನೆ. ಈ ಮಾತನ್ನು ನೆನಪಿಡಿ.

ಮೊದಲ ಮಳೆಗಾಲ ಹಬ್ಬದ ಹಾಗೆ ಹೋಯಿತು. ನೀರು ಬಿಟ್ಟರೆಂದು ಸುದ್ದಿ ಬರುವುದೇ ತಡ, ನಾವು ದೋಣಿಯನ್ನು ದಂಡೆಗೆ ಒಯ್ದು ನಿಲ್ಲುತ್ತಿದ್ದೆವು. ಶಾಲೆಯ ಮಾಸ್ತರರು, ಹಾಲಿನ ಕ್ಯಾನುಗಳು, ಬಾಣಂತಿಯರು, ವಾರಕ್ಕೆ ಎರಡು ಸಲ ದೇವಮ್ಮ. ಮಧ್ಯದಲ್ಲಿ ಒಮ್ಮೆ ಮೋಟರಿನ ಪಂಖಾಕ್ಕೆ ಸೀರೆಯೊಂದು ಸುತ್ತಿಕೊಂಡು ಬಹಳ ದೂರ ತೇಲಿಹೋದೆವು. ಮುಂದಿನ ಊರಿನವರು ಚಹಾ ಕುಡಿಸಿ ಕಳಿಸಿದರು. ದೇವಮ್ಮ ಎರಡನೆಯ ಮಳೆಗಾಲಕ್ಕೆ ತಂಗಿಯ ಮನೆಗೆ ಹೋಗಲಿಲ್ಲ. "ಸರ್ಕಾರ ನನಗಂತ ದೋಣಿ ಕೊಟ್ಟದ, ನಾ ಯಾಕ ಮಂದಿ ಮನ್ಯಾಗ ಬೀಳ್ಲಿ," ಎಂದಳು. ಅದನ್ನು ಕೇಳಿ ನನ್ನ ಎದೆ ಉಬ್ಬಿತ್ತು.

ಅದೇ ವರ್ಷ ರಾಶಿಯ ಕಾಲಕ್ಕೆ ಹಣಮಂತನ ಮನೆಗೆ ಆಯ ಬರಲಿಲ್ಲ. ಯಾರೂ ಕೆಟ್ಟವರಲ್ಲ. ಹರಿಗೋಲು ಹತ್ತದ ಮೇಲೆ ಆಯ ಯಾತಕ್ಕೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಹಣಮಂತನೂ ಕೇಳಲು ಹೋಗಲಿಲ್ಲ. ಹರಿಗೋಲನ್ನು ದನದ ಕೊಟ್ಟಿಗೆಯ ಹಿಂದೆ ಬೋರಲು ಹಾಕಿ, ತಾನು ಹತ್ತಿ ಬಿಡಿಸುವ ಕೂಲಿಗೆ ಹೋದ. ನಾನು ಒಮ್ಮೆ ಅದರ ಮೇಲೆ ಕೋಳಿಗಳು ಕುಳಿತಿದ್ದುದನ್ನು ನೋಡಿದೆ. ನೋಡಿ ಏನೂ ಅನ್ನಿಸಲಿಲ್ಲ. ನಾವು ಎರಡು ದೋಣಿಗಳ ನಡುವೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದಾಗ ಮೂರನೆಯದೊಂದು ಇತ್ತು, ನಮ್ಮ ದೋಣಿ ಬಂದರೆ ಆ ಹರಿಗೋಲು ಹಾಳಾಗುತ್ತದೆ ಎಂಬುದು ನನಗೆ ಮಾತ್ರವಲ್ಲ, ಅದನ್ನು ಕಟ್ಟಿದ ಹಣಮಂತನಿಗೂ ಹೊಳೆಯಲಿಲ್ಲ.

ಆಮೇಲೆ ಆ ಮಳೆಗಾಲ ಬಂತು. ಕೃಷ್ಣೆ ಇನ್ನೂ ಶಾಂತವಾಗಿದ್ದಳು, ಭೀಮೆ ಉಕ್ಕಿದಳು. ಭೀಮೆಯ ದಂಡೆಯ ಊರುಗಳಲ್ಲಿ ಮನೆಗಳಿಗೆ ನೀರು ಹೊಕ್ಕು, ಮಂದಿ ಮಾಳಿಗೆ ಹತ್ತಿ ಕುಳಿತರು. ಸಾಹೇಬರು ಫೋನು ಮಾಡಿದರು.

"ಶರಣಪ್ಪ, ದೋಣಿ ಕಳಸು."

"ಸಾಹೇಬ್ರ, ಇಲ್ಲೂ ಇವತ್ತಿಲ್ಲ ನಾಳಿ ನೀರು ಬಿಡ್ತಾರ್ರಿ. ಗಡ್ಡಿ ಮ್ಯಾಲ ದೇವಮ್ಮ ಅದಾಳ."

"ಗೊತ್ತದ. ಆದ್ರ ನಿನ್ನ ಗಡ್ಡಿ ಮುಳಗೂದಿಲ್ಲ. ಇಲ್ಲಿ ಕೂಸುಗಳನ್ನ ಹಿಡಕೊಂಡು ಮಾಳಿಗಿ ಮ್ಯಾಲ ನಿಂತಾರ. ಆಕೀನ ಈಗ್ಲೇ ದಾಟಿಸಿ ಸುರಪುರಕ್ಕ ಕಳಸು, ಆಮ್ಯಾಲ ದೋಣಿ ಲಾರಿಗೆ ಹಾಕು."

ಸಾಹೇಬರು ಹೇಳಿದ್ದು ಸರಿ. ಅವರ ಕುರ್ಚಿಯಲ್ಲಿ ನಾನು ಕುಳಿತಿದ್ದರೂ ಅದನ್ನೇ ಹೇಳುತ್ತಿದ್ದೆ. ನಾನು ಅಂದೇ ಹೋಗಿ ದೇವಮ್ಮನನ್ನು ದಾಟಿಸಿ, ತಂಗಿಯ ಮನೆಗೆ ಮುಟ್ಟಿಸಿ ಬಂದೆ. ದೋಣಿ ಲಾರಿಯ ಮೇಲೆ ಭೀಮೆಗೆ ಹೋಯಿತು. ಎಲ್ಲ ಸರಿಯಾಗಿತ್ತು.

ಆದರೆ ಅದು ಪಂಚಮಿಯ ವಾರ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ದೇವಮ್ಮನ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಹುಣಸಗಿಯಿಂದ, ಒಬ್ಬಳು ಕೊಂಕಲ್‌ನಿಂದ, ಗಡ್ಡಿಗೆ ಬಂದಿದ್ದರು. ನೀರು ಇನ್ನೂ ಬಿಟ್ಟಿರಲಿಲ್ಲ, ಬಂಡೆಗಳ ಮೇಲೆ ನಡೆದು ದಾಟುವಷ್ಟೇ ಇತ್ತು. ದವಾಖಾನೆಯಿಂದ ರಕ್ತ ತೊಳೆಸಿಕೊಂಡು ಹೊರಬಂದ ದೇವಮ್ಮ, ಮಕ್ಕಳು ತವರಿಗೆ ಬಂದಾಗ ತಾಯಿ ಮನೆಯಲ್ಲಿ ಇಲ್ಲದಿದ್ದರೆ ಹೇಗೆ ಎಂದು, ತಂಗಿಗೂ ಹೇಳದೆ ಬಸ್ಸು ಹತ್ತಿದಳು. ಹಣಮಂತ ದಂಡೆಗೆ ಬಂದು ಬೆನ್ನ ಮೇಲೆ ಹೊತ್ತು ದಾಟಿಸಿಕೊಂಡ. ಒಂದು ದಿನದ ಮಾತು, ಉಂಡಿ ಕಟ್ಟಿ, ಮಕ್ಕಳಿಗೆ ಉಡಿ ತುಂಬಿ ಮರುದಿನ ಬಂದುಬಿಡುತ್ತೇನೆ ಎಂದುಕೊಂಡಿದ್ದಳು. ಅಂದು ಸಂಜೆ ಆಣೆಕಟ್ಟೆಯ ಗೇಟುಗಳು ತೆರೆದವು.

ಆಕೆಯ ಫೋನು ಬಂದಾಗ ನಾನು ನಂಬಲಿಲ್ಲ.

"ಅಣ್ಣಾ, ನಾ ಗಡ್ಡಿ ಮ್ಯಾಲೇ ಅದೀನ್ರಿ. ಬೈಬ್ಯಾಡ್ರಿ."

"ನಿನಗೇನು ಬುದ್ಧಿ ಗಿದ್ಧಿ ಅದ ಏನಬೇ?"

"ಹುಡಿಗ್ಯಾರು ಬಂದಿದ್ರು ಅಣ್ಣಾ. ದೋಣಿ ಯಾವಾಗ ಬರ್ತದರಿ?"

ಬರುತ್ತದೆ ಎಂದೆ. ಬೇರೆ ಏನು ಹೇಳಲಿ? ಸಾಹೇಬರಿಗೆ ಫೋನು ಮಾಡಿದೆ, ಮೇಲಿನವರಿಗೆಲ್ಲ ಫೋನು ಮಾಡಿದೆ. ಯಾರೂ ಇಲ್ಲ ಎನ್ನಲಿಲ್ಲ. ಹೆಲಿಕಾಪ್ಟರಿಗೆ ಬರೆದಿದ್ದಾರೆ ಎಂದರು, ಮೋಡ ಇಳಿದಿದೆ ಎಂದರು. ಹೊರಗಿನಿಂದ ಬಂದ ಪಡೆಯ ರಬ್ಬರ್ ದೋಣಿಗಳೆಲ್ಲ ಭೀಮೆಯಲ್ಲಿದ್ದವು. ನಮ್ಮದೂ ಅಲ್ಲೇ ಊರಿಂದ ಊರಿಗೆ ಹೋಗುತ್ತ ಮಾಳಿಗೆಗಳಿಂದ ಕೂಸುಗಳನ್ನು ಇಳಿಸುತ್ತಿತ್ತು. ಹಣಮಂತ ಕೊಟ್ಟಿಗೆಯ ಹಿಂದಿನ ಹರಿಗೋಲನ್ನು ಎಳೆದು ತಾಡಪತ್ರಿ ಸುತ್ತಲು ನೋಡಿದನಂತೆ. ಫೋನಿನಲ್ಲಿ ಆತನ ದನಿ ಮಕ್ಕಳ ದನಿಯ ಹಾಗೆ ಆಗಿತ್ತು: "ಮೊಣಕಾಲು ಊರಿದ್ದೇ ತಡ ಬಿದಿರು ಲಟ್ಟಂತ ಮುರೀತ್ರಿ ಸಾಹೇಬ್ರ. ಒಂದೂ ಗಟ್ಟಿ ಉಳಿದಿಲ್ರಿ."

ಈಗಿನ ಪದ್ಧತಿಗಳ ಬಗ್ಗೆ ನಿಮಗೆ ಹೇಳಬೇಕಲ್ಲ, ಕೇಳಿ. ದಿನ ಕಳೆದರೂ ನೀರು ಇಳಿಯಲಿಲ್ಲ, ದೇವಮ್ಮನಿಗೆ ರಕ್ತ ತೊಳೆಸುವುದು ಎರಡು ಸಲ ತಪ್ಪಿತು, ಆಗ ದಂಡೆಗೆ ಡ್ರೋನ್ ಬಂತು. ಅದನ್ನು ಹಾರಿಸುವವನು ಒಳ್ಳೆಯ ಹುರುಪಿನ ಮನುಷ್ಯ. ಗಡ್ಡಿಯ ಮಂದಿಗೆ ಬಿಸ್ಕತ್ತು, ಮೇಣಬತ್ತಿ, ಗುಳಿಗೆ ಎಲ್ಲ ಹಾರಿಸಿ ಇಳಿಸಿದ. ದವಾಖಾನೆಯ ಡಾಕ್ಟರು ಕಳಿಸಿದ ಗುಳಿಗೆಯೂ ದೇವಮ್ಮನಿಗೆ ಮುಟ್ಟಿತು; ಆದರೆ ಇದು ಒಂದು ದಿನ ತಡೆಯಬಹುದು, ರಕ್ತ ತೊಳೆಯುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಡ್ರೋನಿನವನು ತನ್ನ ಕೈಯಲ್ಲಿದ್ದ ಪರದೆಯನ್ನು ನನಗೆ ತೋರಿಸಿದ. ಅದರಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ದೇವಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಬಾತು ಕಣ್ಣು ಸಣ್ಣವಾಗಿದ್ದವು. ತಲೆಯ ಮೇಲಿನ ಸದ್ದಿಗೆ ಆಕೆ ಮೇಲೆ ನೋಡಲಿಲ್ಲ, ಹೊಳೆಯ ಕಡೆ ನೋಡಿದಳು. ಮೋಟರಿನ ಸದ್ದು ಎಂದುಕೊಂಡಿರಬೇಕು. ಹಣೆಗೆ ಕೈ ಹಿಡಿದು ದೋಣಿ ಹುಡುಕಿದಳು. ಹಿಂದೆ ನಾವು ದಂಡೆಯಲ್ಲಿ ನಿಂತು ಸೀಟಿ ಊದುತ್ತಿದ್ದ ಕಾಲದಲ್ಲಿ ಹೊಳೆಯ ಆಚೆಯವರು ನಮಗೆ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಿತ್ತು. ಈಗ ಎಲ್ಲ ಕಾಣುತ್ತದೆ, ಕೈ ಮಾತ್ರ ಮುಟ್ಟುವುದಿಲ್ಲ. ಆ ಪರದೆಯನ್ನು ಆತನ ಕೈಗೆ ವಾಪಸು ಕೊಟ್ಟು ನಾನು ಗಾಡಿಯ ಮರೆಗೆ ಹೋಗಿ ಅತ್ತೆ.

ಸಾಹೇಬರು ಮಾತು ತಪ್ಪಲಿಲ್ಲ. ಭೀಮೆಯ ಕಡೆ ಮಾಳಿಗೆಗಳು ಖಾಲಿಯಾಗುತ್ತಲೇ ಅಂದು ರಾತ್ರಿಯೇ ದೋಣಿಯನ್ನು ಲಾರಿಗೆ ಹಾಕಿಸಿದರು. ನಾಳೆ ಸಂಜೆಯೊಳಗೆ ಇನ್ನೊಂದು ಊರಿಗೆ ಬೇಕು, ವಾಪಸು ಕಳಿಸು ಎಂದರು. ರಸ್ತೆ ಹಳ್ಳಗಳಿಗೆ ಸಿಕ್ಕು ಅಲ್ಲಲ್ಲಿ ಕಡಿದಿತ್ತು, ಲಾರಿ ಸುತ್ತು ಬಳಸಿ ಬಂತು. ಬೆಳಗಾಗಿ ಹೊತ್ತೇರಿದ್ದಾಗ ನಾವು ದೋಣಿಯನ್ನು ಬಹಳ ಮೇಲಿನಿಂದ, ಹಣಮಂತ ಕಲಿಸಿದ ಹಾಗೆಯೇ, ಹೊಳೆಗೆ ಬಿಟ್ಟೆವು. ಜಾರಿದಷ್ಟು ಜಾರಿ ಸರಿಯಾಗಿ ಗಡ್ಡಿಯ ದಂಡೆಗೇ ಹೋಗಿ ಹತ್ತಿತು. ಅಷ್ಟು ಚೆನ್ನಾಗಿ ನಾನು ಎಂದೂ ಅದನ್ನು ನಡೆಸಿರಲಿಲ್ಲ.

ದೇವಮ್ಮ ನಸುಕಿನಲ್ಲಿ ಹೋಗಿದ್ದಳು.

ಹೂಳುವ ಜಾಗ ಗಡ್ಡಿಯ ತಗ್ಗಿನಲ್ಲಿ, ಅದು ನೀರಿನಡಿ ಇತ್ತು. ಹಾಗಾಗಿ ಈಚೆ ದಂಡೆಗೆ ತರಬೇಕಾಯಿತು. ನಾಲ್ಕು ಮಂದಿ ಎತ್ತಿ ದೋಣಿಯ ನಡುವೆ ಮಲಗಿಸಿದರು. ಹೆಣ್ಣುಮಕ್ಕಳು ಹತ್ತಿದರು, ಹಣಮಂತ ಹತ್ತಿದ. ಸಣ್ಣವಳ ಉಡಿಯಲ್ಲಿ ತಾಯಿ ಕಟ್ಟಿದ ಉಂಡಿಯ ಗಂಟು ಹಾಗೆಯೇ ಇತ್ತು. ನಾನು ಮೋಟರಿನ ಹಿಡಿ ಹಿಡಿದು ಕುಳಿತೆ, ಯಾರ ಮುಖವನ್ನೂ ನೋಡಲಾಗಲಿಲ್ಲ. ಬೈಯಲಿ ಎಂದು ಕಾಯುತ್ತಿದ್ದೆ. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು.

ನಡುಹೊಳೆಗೆ ಬಂದಾಗ ಹಣಮಂತ ನನ್ನ ಕಡೆ ತಿರುಗಿದ.

"ಸಾಹೇಬ್ರ, ನಾಳಿಗಿ ದೋಣಿ ಇಲ್ಲೇ ಇರ್ತದೇನ್ರಿ?"

"ಯಾಕೋ?"

"ಊರಾಗಿನ ಮಂದಿ ಮಣ್ಣಿಗಿ ಬರಬೇಕಂತಾರ್ರಿ. ಇವತ್ತು ಎಲ್ಲಾರ್ನೂ ದಾಟಸಾಕ ಆಗಂಗಿಲ್ಲ. ನಾಳಿತನ ಇಟ್ಕೊಂಡು ಕುಂದ್ರಬೇಕಂತ ಮಾಡೀವಿ."

ಮೋಟರಿನ ಹಿಡಿ ತಿರುವಿ ದೋಣಿಯ ಮೂತಿಯನ್ನು ಸೆಳವಿಗೆ ಎದುರು ಮಾಡಿದೆ. ಆತ ನೋಡುತ್ತಲೇ ಇದ್ದ.

"ಇಲ್ಲ ಹಣಮಂತ. ಸಂಜಿಗಿ ಲಾರಿ ಒಯ್ತದ. ಭೀಮಾದ ಕಡೆ ಇನ್ನೊಂದು ಊರು ನೀರಾಗದ."

ಆತ ಹೆಂಡತಿಯ ಮುಖದ ಮೇಲಿನ ಬಟ್ಟೆಯನ್ನು ಗಾಳಿಗೆ ಹಾರದಂತೆ ತಲೆಯಡಿಗೆ ಸಿಕ್ಕಿಸಿದ.

"ಒಯ್ಯಲಿ ಬಿಡ್ರಿ ಸಾಹೇಬ್ರ," ಎಂದ. "ಪಾಪ, ಅಲ್ಲೂ ಯಾರರ ಕಾಯಾಕತ್ತಿರ್ತಾರ."